ರಾಗಿ, ಅವರೆ, ಹುರುಳಿ ಮತ್ತು ಒಂದು ಮೇನ್ ಸ್ವಿಚ್

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನನ್ನ ಸ್ವಂತ ಚಿಕ್ಕಪ್ಪ. ತಮಿಳುನಾಡಿನ ಗಡಿಯ ಹೊಸೂರಿಗೆ ಅಂಟಿಕೊಂಡ ಜೂಜುವಾಡಿಯ ಅವರ ಮನೆಯಲ್ಲೇ ನಾನಿರುವುದು. ತಳಿ ಪೇಟೆಯ ಆಚೆಗಿನ ನಮ್ಮ ಹಳ್ಳಿಯಿಂದ ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಸಿಗದೆ ಅವರ ಮನೆ ಸೇರಿಕೊಂಡು, ಅವರ ಮನೆಯ ಮುದ್ದೆ ತಿಂದೇ ಡಿಗ್ರಿ ಮುಗಿಸಿದೆ. ಲಾರಿಗಳ ಬಿಡಿಭಾಗ ಎರಕ ಹೊಯ್ಯುವ ಒಂದು ಫ್ಯಾಕ್ಟರಿಯಲ್ಲಿ ಅವರು ಇಪ್ಪತ್ತು ವರ್ಷದಿಂದ ಎಲೆಕ್ಟ್ರಿಷಿಯನ್. ಅಂದು ಸಂಜೆ ನಾನು ಆಫೀಸಿನಿಂದ ಬಂದವಳೇ, ಮೂರು ಹಳೇ ಕಂಪ್ಯೂಟರ್ ಸೇರಿಸಿ ಒಂದೇ ಯಂತ್ರದ ಹಾಗೆ ಕೆಲಸ ಮಾಡಿಸಬೇಕು, ಮೂರು ವಾರ ಟೈಮಿದೆ, ಮಾಡುವವಳು ನಾನೇ ಎಂದು ಹೇಳಿದೆ. ಚಿಕ್ಕಪ್ಪ ಬೂಟು ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಆಗಲ್ಲ ಕಣಮ್ಮ. ನಮ್ಮೋರ ಕೈ ಮೇನ್ ಸ್ವಿಚ್ ಗಂಟ ಅಷ್ಟೇ. ಅಲ್ಲಿಂದಾಚೆ ಇರೋದೆಲ್ಲ ಏಸಿ ರೂಮ್ನೋರ್ದು. ನೀನು ಓದಿದ್ದೀಯ, ಇಲ್ಲ ಅನ್ನಲ್ಲ. ಆದ್ರೂ ಆಗಲ್ಲ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಆ ಮೂರು ಕಂಪ್ಯೂಟರುಗಳು ಅವರ ಫ್ಯಾಕ್ಟರಿಯ ಗುಜರಿ ಕೋಣೆಯಿಂದಲೇ ಬಂದದ್ದು. ನಮ್ಮ ಬಾಸ್ ಕೇಳಿ ಪಡೆದಾಗ ಗಾಡಿಗೆ ಹೊತ್ತು ಹಾಕಿದವರು ಚಿಕ್ಕಪ್ಪನೇ. ಅವುಗಳ ಹಣೆಬರಹ ಅವರಿಗೆ ಚೆನ್ನಾಗಿ ಗೊತ್ತಿತ್ತು. ನನ್ನದೂ ಗೊತ್ತಿತ್ತು. ನಮ್ಮ ವಂಶದಲ್ಲಿ ಡಿಗ್ರಿ ಕಾಗದ ಹಿಡಿದ ಮೊದಲ ಕೈ ನನ್ನದು. ಅದೂ ಎರಡು ಪೇಪರ್ ಉಳಿಸಿಕೊಂಡು, ಎರಡೆರಡು ಸಲ ಬರೆದು ಗಿಟ್ಟಿಸಿದ್ದು.

ನಮ್ಮ ಆಫೀಸು ಹೊಸೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕಟ್ಟುವ ರಿವೈಂಡಿಂಗ್ ಅಂಗಡಿಯೊಂದರ ಮಹಡಿಯ ಮೇಲೆ. ಪ್ರೋಗ್ರಾಂ ಬರೆಯುವವರು ಐದು ಜನ, ಬಾಸ್ ಒಬ್ಬರು, ಟ್ರೈನಿ ನಾನು. ಚಿಕ್ಕಪ್ಪನ ಫ್ಯಾಕ್ಟರಿಗೆ ನಾವೊಂದು ವೆಬ್ ಅಪ್ಲಿಕೇಶನ್ ಮಾಡುತ್ತಿದ್ದೆವು. ಎರಕದಿಂದ ಬಂದ ಪ್ರತಿಯೊಂದು ಭಾಗವನ್ನೂ ತಪಾಸಣೆಯ ಹೆಂಗಸರು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರಲ್ಲ, ಅದನ್ನು ಟ್ಯಾಬ್ಲೆಟ್ಟಿನಲ್ಲಿ ಒತ್ತುವ ಹಾಗೆ ಮಾಡುವುದು. ಪ್ರೋಗ್ರಾಂ ಚೆನ್ನಾಗಿಯೇ ಇತ್ತು. ಆದರೆ ಎರಡು ಸಲ ಫ್ಯಾಕ್ಟರಿಗೆ ಒಯ್ದು ಹಾಕಿದಾಗ ಎರಡು ಸಲವೂ ಮುಗ್ಗರಿಸಿತು. ಐದು ಜನರ ಐದು ಲ್ಯಾಪ್‌ಟಾಪಿನಲ್ಲಿ ಅದು ಐದು ರೀತಿ ಓಡುತ್ತಿತ್ತು. ಫ್ಯಾಕ್ಟರಿಯಲ್ಲಿ ಮಾತ್ರ ಓಡುತ್ತಿರಲಿಲ್ಲ. "ನನ್ನ ಮಿಷಿನ್ನಲ್ಲಿ ಓಡ್ತಿತ್ತು" ಎನ್ನುವುದು ನಮ್ಮಲ್ಲಿ ದಿನದ ನಮಸ್ಕಾರದಂತೆ ಆಗಿಹೋಗಿತ್ತು.

ಎರಡನೇ ಸಲ ಕೆಟ್ಟಾಗ ಫ್ಯಾಕ್ಟರಿಯ ಕಂಪ್ಯೂಟರ್ ಮ್ಯಾನೇಜರ್ ನಮ್ಮನ್ನು ಕೂರಿಸಿಕೊಂಡು ಕರಾರು ಹಾಕಿದರು. ಅವರ ರೂಮಿನಲ್ಲಿ ಮೂರು ಸರ್ವರ್ ಸೇರಿದ ಒಂದು ಕಂಟೇನರ್ ಕ್ಲಸ್ಟರ್ ಇದೆ, ಹೊರಗಿನ ಇಂಟರ್‌ನೆಟ್ ಇಲ್ಲ. ನಾವೂ ನಮ್ಮ ಆಫೀಸಿನಲ್ಲಿ ಹಾಗೇ ಒಂದು ಕ್ಲಸ್ಟರ್ ಕಟ್ಟಿ, ಇಂಟರ್‌ನೆಟ್ ಇಲ್ಲದೆ, ಅದರ ಮೇಲೆ ಓಡಿಸಿ ತಿದ್ದಿ, ಆಮೇಲೆ ಆ ಯಂತ್ರಗಳನ್ನೇ ಹೊತ್ತು ತಂದು ತೋರಿಸಬೇಕು. ಮೂರು ವಾರ. ಇಲ್ಲವಾದರೆ ಕೆಲಸ ಬೆಂಗಳೂರಿನ ತಂಡಕ್ಕೆ. ಮೂರು ವಾರದಲ್ಲಿ ನಾವು ಮಾಡುತ್ತೇವೆಂಬ ನಂಬಿಕೆ ಅವರಿಗೂ ಇರಲಿಲ್ಲ. ನನ್ನ ಕಡೆ ನೋಡಿ "ನಡಕ್ಕಾದುಮ್ಮಾ" ಅಂದರು. ನಡೆಯುವುದಿಲ್ಲಮ್ಮ ಎಂದು ಮೆತ್ತಗೆ ಹೇಳಿದ ತಮಿಳು.

ಇಂಥ ಕೆಲಸ ಗೊತ್ತಿದ್ದ ನಮ್ಮ ಸೀನಿಯರ್ ಹಿಂದಿನ ತಿಂಗಳಷ್ಟೇ ಬೇರೆ ಕಂಪನಿಗೆ ಹೋಗಿದ್ದರು. ಬಾಸ್ ನನ್ನನ್ನು ಕರೆದು, ಕಾಲೇಜಿನಲ್ಲಿ ಇದನ್ನು ಓದಿದ್ದೀಯಲ್ಲ ಎಂದು ತೆಲುಗಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಹೂಂ ಅಂದೆ. ನಮ್ಮಿಬ್ಬರ ಮಾತುಕತೆ ಯಾವಾಗಲೂ ಹೀಗೇ. ಓದಿದ್ದು ನಾಲ್ಕು ಪುಟ, ಮಾಡಿದ್ದು ಒಂದೇ ಲ್ಯಾಪ್‌ಟಾಪಿನೊಳಗೆ ಒಂದು ಆಟಿಕೆ ಕ್ಲಸ್ಟರ್. ಅದನ್ನು ಹೇಳಲಿಲ್ಲ. ನನ್ನ ಆರು ತಿಂಗಳ ಟ್ರೈನಿಂಗ್ ಮುಗಿಯಲು ಉಳಿದಿದ್ದದ್ದೂ ಅದೇ ಮೂರು ವಾರ. ಫ್ಯಾಕ್ಟರಿ ಕೆಲಸ ಉಳಿದರೆ ನನಗೆ ಸರ್ಟಿಫಿಕೇಟು, ಅದರ ಹಿಂದೆ ಖಾಯಂ ಕೆಲಸ. ಕೆಲಸ ಕೈಬಿಟ್ಟರೆ ಎರಡೂ ಇಲ್ಲ, ಊರಿಗೆ ಹೋಗಿ ಕೋಸು ಕೀಳುವುದು. ಬಾಸ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು, ಅದು ನನಗೆ ಹಿಡಿಸಿತು.

ಕಂಟೇನರ್ ಅಂದರೆ ಏನು ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ನಾನು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಒಂದು ಪ್ರೋಗ್ರಾಂ, ಅದಕ್ಕೆ ಬೇಕಾದ ಎಲ್ಲ ಸಾಮಾನಿನ ಸಮೇತ ಒಂದೇ ಡಬ್ಬಿಯಲ್ಲಿ ತುಂಬಿಟ್ಟರೆ, ಆ ಡಬ್ಬಿ ಯಾವ ಯಂತ್ರದಲ್ಲಿಟ್ಟರೂ ಒಂದೇ ಥರ ಓಡುತ್ತದೆ. ಅಂಥ ಹತ್ತಾರು ಡಬ್ಬಿಗಳನ್ನು ಮೂರು ಯಂತ್ರಗಳ ಮೇಲೆ ಹಂಚಿ, ಒಂದು ಸತ್ತರೆ ಇನ್ನೊಂದನ್ನು ಎಬ್ಬಿಸಿ ನಿಲ್ಲಿಸುವ ಮೇಸ್ತ್ರಿ ಒಬ್ಬ ಬೇಕು. ಆ ಮೇಸ್ತ್ರಿ ಪ್ರೋಗ್ರಾಂ ಹೆಸರು ಕುಬರ್ನೆಟೀಸ್. ಮೂರು ಯಂತ್ರವೂ ಮೇಸ್ತ್ರಿಯೂ ಸೇರಿದರೆ ಕ್ಲಸ್ಟರ್. ಅಮ್ಮ ಎಲ್ಲ ಕೇಳಿಸಿಕೊಂಡು, ಮೇಸ್ತ್ರಿ ಒಳ್ಳೆಯವನಾ ಎಂದು ಕೇಳಿದಳು.

ಮೊದಲ ದಿನ ಹೋದದ್ದು ಬರೀ ಧೂಳು ತೆಗೆಯಲು. ಮುಚ್ಚಳ ಬಿಚ್ಚಿದರೆ ಒಳಗೆ ಎರಕದ ಮರಳು, ಎಣ್ಣೆಯ ಜಿಡ್ಡಿನೊಂದಿಗೆ ಸೇರಿ ರೊಟ್ಟಿಯಂತೆ ಕೂತಿತ್ತು. ಕೆಳಗಿನ ರಿವೈಂಡಿಂಗ್ ಅಂಗಡಿಯಿಂದ ಬ್ಲೋವರ್ ತಂದು ಊದಿದೆ. ಒಂದರ ಮೆಮೊರಿ ತೀರಾ ಕಡಿಮೆ ಇತ್ತು. ಆಫೀಸಿನ ಸತ್ತ ಕಂಪ್ಯೂಟರೊಂದರಿಂದ ಮೆಮೊರಿ ಚಿಪ್ಪಿನ ಪಟ್ಟಿ ಕಿತ್ತು ಹಾಕಿದೆ. ಮೂರಕ್ಕೂ ಲಿನಕ್ಸ್ ತುಂಬಿ ಹೆಸರಿಟ್ಟೆ: ರಾಗಿ, ಅವರೆ, ಹುರುಳಿ. ಕೂಡುವ ಪ್ರತಿ ಯಂತ್ರಕ್ಕೂ ಹೆಸರು ಬೇಕೇಬೇಕು, ನಮ್ಮ ಹೊಲದಲ್ಲಿ ಬೆಳೆಯುವುದನ್ನು ಬಿಟ್ಟು ನನಗೆ ಬೇರೆ ಹೊಳೆಯಲಿಲ್ಲ. ರಾಗಿಯ ಮೇಲೆ ಮೇಸ್ತ್ರಿ. ಅವರೆ ಮತ್ತು ಹುರುಳಿ ಕೂಲಿಯವರು.

ಎರಡನೆಯ ದಿನ ಮಧ್ಯಾಹ್ನ ಪರದೆಯ ಮೇಲೆ ಮೂರು ಹೆಸರೂ ಒಂದರ ಕೆಳಗೊಂದು ಬಂದು, ಮೂರರ ಪಕ್ಕದಲ್ಲೂ 'ರೆಡಿ' ಎಂಬ ಪದ ನಿಂತಿತು. ಕುರ್ಚಿಯಲ್ಲಿ ಕೂರಲಾಗಲಿಲ್ಲ ನನಗೆ. ನಮ್ಮ ಅಪ್ಲಿಕೇಶನ್ನಿನ ನಾಲ್ಕು ಡಬ್ಬಿ ಮಾಡಿ ಬಿಟ್ಟೆ. ಓಡಿತು. ಬೇಕೆಂದೇ ಒಂದು ಡಬ್ಬಿಯನ್ನು ಅಳಿಸಿದೆ. ಎರಡು ಮೂರು ಸೆಕೆಂಡಿನಲ್ಲಿ ಹುರುಳಿಯ ಮೇಲೆ ಅಂಥದೇ ಇನ್ನೊಂದು ಎದ್ದಿತು. ಮತ್ತೆ ಅಳಿಸಿದೆ, ಮತ್ತೆ ಎದ್ದಿತು. ಪಕ್ಕದ ಟೇಬಲ್ಲಿನವರು, ಅದನ್ನು ಯಾಕಮ್ಮ ಸುಮ್ಮನೆ ಸಾಯಿಸುತ್ತೀಯ ಎಂದು ಕೇಳುವ ತನಕ ಅದನ್ನೇ ಮಾಡುತ್ತಿದ್ದೆ. ಜೂಜುವಾಡಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ, ಕಾಲು ನೋಯುತ್ತಿದೆ ಎಂದು ಮನೆಗೆ ಹೋದ ಮೇಲೆ ಗೊತ್ತಾಯಿತು.

ಮೂರನೆಯ ದಿನ ಬೆಳಿಗ್ಗೆ ಎಲ್ಲ ಸತ್ತಿತ್ತು.

ಕಾರಣ ಕೆಳಗಿನ ಅಂಗಡಿಯಲ್ಲಿತ್ತು. ಕಟ್ಟಡ ಆ ರಿವೈಂಡಿಂಗ್ ಅಂಗಡಿಯ ಯಜಮಾನರದ್ದು. ಅವರಿಗೆ ಎರಡು ನೇಮ. ಬೆಳಿಗ್ಗೆ ಬಂದು ಬಾಗಿಲು ತೆಗೆದು, ದೀಪ ಹಚ್ಚಿ, ಗೋಡೆಯ ದಿನದ ಕ್ಯಾಲೆಂಡರಿನ ಹಾಳೆಯನ್ನು ತಮ್ಮ ಕೈಯಾರೆ ಕಿತ್ತು ಮೇನ್ ಸ್ವಿಚ್ ಹಾಕುವುದು. ಸಂಜೆ ಆರೂವರೆಗೆ ಇಡೀ ಕಟ್ಟಡದ ಮೇನ್ ಎಳೆದು, ಸ್ವಿಚ್ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಡುವುದು. ವಾರ್ನಿಷ್ ಬೇಯಿಸುವ ಜಾಗ. ಹಿಂದೊಮ್ಮೆ ಕಿಡಿ ಹಾರಿ ಬೆಂಚೆಲ್ಲ ಸುಟ್ಟಿತ್ತಂತೆ. ಎಳೆಯುವ ಮೊದಲು ಮೆಟ್ಟಿಲ ಕೆಳಗೆ ನಿಂತು "ಎಳೀಲಾ?" ಎಂದು ಕೂಗುತ್ತಿದ್ದರು. ನಾವೆಲ್ಲ ಲ್ಯಾಪ್‌ಟಾಪಿನವರು, "ಎಳೀರಿ" ಎಂದು ಕೂಗಿ ಇಳಿದು ಹೋಗುತ್ತಿದ್ದೆವು. ರಾಗಿ, ಅವರೆ, ಹುರುಳಿಗೆ ಬ್ಯಾಟರಿ ಇಲ್ಲವೆಂಬುದು ನನ್ನ ತಲೆಗೆ ಬಂದಿರಲಿಲ್ಲ.

ಮೊದಲ ಸಾವಿಗೆ ಕಾರಣ ಬೇಗ ಸಿಕ್ಕಿತು. ಕರೆಂಟು ಬಂದಾಗ ರೂಟರ್ ಮೂರಕ್ಕೂ ಹೊಸ ವಿಳಾಸ ಕೊಟ್ಟಿತ್ತು. ಒಬ್ಬರನ್ನೊಬ್ಬರು ಹಳೇ ವಿಳಾಸದಲ್ಲಿ ಹುಡುಕುತ್ತಿದ್ದರು. ಮೂರಕ್ಕೂ ಬದಲಾಗದ ವಿಳಾಸ ಕೊಟ್ಟೆ. ಮರುದಿನ ಬೆಳಿಗ್ಗೆ ಸರಿಯಾಗಿ ಎದ್ದವು. ಗೆದ್ದೆ ಅಂದುಕೊಂಡು, ಮ್ಯಾನೇಜರ್ ಹೇಳಿದ ಪ್ರಕಾರ ಇಂಟರ್‌ನೆಟ್ ಕೇಬಲ್ ಕಿತ್ತೆ. ಡಬ್ಬಿಗಳ ಮೂಲ ಪ್ರತಿಗಳನ್ನು ಹೊರಗಿನಿಂದ ತರದೆ ರಾಗಿಯ ಡಿಸ್ಕಿನಲ್ಲೇ ಒಂದು ಉಗ್ರಾಣ ಮಾಡಿ ಇಟ್ಟೆ. ಅಂದು ಪೂರ್ತಿ ಓಡಿತು. ಅದರ ಮರುದಿನ ಮತ್ತೆ ಸತ್ತಿತ್ತು.

ಈ ಸಲದ ಸಾವು ಬೇರೆ ಥರದ್ದು. ಕ್ಲಸ್ಟರಿನ ಯಂತ್ರಗಳು ಒಂದನ್ನೊಂದು ಸುಮ್ಮನೆ ನಂಬುವುದಿಲ್ಲ. ಫ್ಯಾಕ್ಟರಿ ಗೇಟಿನ ಪಾಸಿನಂತೆ ಪ್ರತಿಯೊಂದರ ಹತ್ತಿರವೂ ಒಂದು ಪಾಸು ಇರುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ಎಂದು ಅದರ ಮೇಲೆ ಬರೆದಿರುತ್ತದೆ. ಆ ಪಾಸು ನಡೆಯುವುದಿಲ್ಲ ಎಂದು ಅವರೆ ಕೂಗುತ್ತಿತ್ತು. ಪಾಸಿನ ಅವಧಿ ಮುಗಿದಿದೆ ಎಂದು ಓದಿಕೊಂಡು, ಹೊಸ ಪಾಸು ಕೊಡಲು ಹೋದೆ. ಅದಕ್ಕೂ ತಕರಾರು. ಬೇರೆ ದಾರಿ ಕಾಣದೆ ಕೇಬಲ್ ಸಿಕ್ಕಿಸಿ ಎಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಿದೆ. ಕಟ್ಟುವಷ್ಟರಲ್ಲಿ ಊಟದ ಹೊತ್ತು. ಕೇಬಲ್ ಕಿತ್ತೆ, ಸಂಜೆವರೆಗೆ ಓಡಿತು. ಮರುದಿನ ಬೆಳಿಗ್ಗೆ ಅದೇ ಕೂಗು.

ಹೀಗೆ ಐದು ಬೆಳಿಗ್ಗೆ. ಐದು ಸಲ ಕಟ್ಟಿದೆ. ಕಟ್ಟುವುದನ್ನು ಕೈ ಕಲಿಯಿತು ಎಂಬುದಷ್ಟೇ ಲಾಭ. ನಾಲ್ಕು ತಾಸಿನ ಕೆಲಸ ಒಂದು ತಾಸಿಗೆ ಇಳಿಯಿತು, ಯಾಕೆಂದರೆ ಎಲ್ಲ ಹೆಜ್ಜೆಗಳನ್ನೂ ಒಂದು ಸ್ಕ್ರಿಪ್ಟಿನಲ್ಲಿ ಬರೆದಿಟ್ಟೆ. ಸೀನಿಯರ್‌ಗೆ ಫೋನ್ ಮಾಡಿದೆ. ಅವರು ನಕ್ಕು, ಮೊದಲು ಆ ಮೇನ್ ಎಳೆಯುವುದನ್ನು ನಿಲ್ಲಿಸು, ಸರ್ವರ್‌ಗಳನ್ನು ಯಾರಾದರೂ ದಿನಾ ಆಫ್ ಮಾಡುತ್ತಾರಾ ಅಂದರು. ಬಾಸ್ ಯಜಮಾನರ ಹತ್ತಿರ ಮಾತಾಡಿದರು. ಯಜಮಾನರು, ಕೃಷ್ಣಗಿರಿಯಲ್ಲಿ ನೆಂಟರ ಮದುವೆಗೆ ಎರಡು ದಿನ ಹೋಗಿ ಬರುತ್ತೇನೆ, ಅಲ್ಲಿಯ ತನಕ ನಮ್ಮ ಹಿರಿಯ ಕೆಲಸಗಾರ ಎಳೆಯಲಿ, ಬಂದ ಮೇಲೆ ನಿಮಗೋಸ್ಕರ ಆನ್‌ನಲ್ಲೇ ಬಿಡುತ್ತೇನೆ ಎಂದು ಒಪ್ಪಿದರು. ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಅವರು ವಾಪಸು ಬರಬೇಕಿದ್ದ ಗುರುವಾರ ಬೆಳಿಗ್ಗೆ ನಾನು ಮೆಟ್ಟಿಲು ಹತ್ತುತ್ತಿದ್ದೆ. ಅಂಗಡಿಯಲ್ಲಿ ಜಗಳ. ಪಂಪಿನ ಮೋಟಾರು ಕೊಟ್ಟಿದ್ದ ರೈತನೊಬ್ಬ ಚೀಟಿ ಹಿಡಿದು ನಿಂತಿದ್ದ. ಯಜಮಾನರ ಬದಲಿಗೆ ಅಂಗಡಿ ನೋಡುತ್ತಿದ್ದ ಹಿರಿಯ ಕೆಲಸಗಾರ ಗೋಡೆಯ ಕಡೆ ಕೈ ತೋರಿಸುತ್ತಿದ್ದ. ಯಜಮಾನರಲ್ಲದೆ ಬೇರೆಯವರು ಆ ಕ್ಯಾಲೆಂಡರ್ ಮುಟ್ಟುವಂತಿಲ್ಲ. ಹಾಳೆ ಅವರು ಹೋದ ದಿನದಲ್ಲೇ ನಿಂತಿತ್ತು.

"ಕಣ್ಣಿಲ್ವಾ? ಇನ್ನೂ ಮಂಗಳವಾರ ಐತೆ ನೋಡು. ಗುರುವಾರ ಬಾ ಅಂತ ಬರ್ದಿರೋ ಚೀಟಿ. ಅದರ ದಿನ ಇನ್ನೂ ಬಂದೇ ಇಲ್ಲ, ಹೋಗ್ಲಾ."

"ನಿನ್ನೆ ತಾನೆ ಬುಧವಾರದ ಸಂತೆ ಮುಗ್ಸಿವ್ನಿ ಕಣ್ಲಾ. ಹಿಂದೆ ಬಿದ್ದಿರೋದು ನಿನ್ ಗೋಡೆ, ನಾನಲ್ಲ. ಮೋಟಾರು ಕಟ್ಟಿಲ್ಲ ಅಂತ ನೆಟ್ಟಗೆ ಹೇಳು."

ಬೀದಿಯಲ್ಲಿದ್ದವರೆಲ್ಲ ನಕ್ಕರು. ಕೆಲಸಗಾರನೂ ನಕ್ಕ, ಮೋಟಾರು ನಿಜವಾಗಿಯೂ ಕಟ್ಟಿ ಮುಗಿದಿರಲಿಲ್ಲ. ನಾನು ಮಾತ್ರ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿದವಳು ಹಾಗೇ ನಿಂತುಬಿಟ್ಟೆ. ಚೀಟಿ ಸರಿಯಾಗಿದೆ. ದಿನ ತಪ್ಪು.

ಓಡಿ ಹೋಗಿ ಅವರೆಯ ದೂರನ್ನು ಮತ್ತೆ ಓದಿದೆ. ಪಾಸಿನ ಅವಧಿ ಮುಗಿದಿದೆ, ಅಥವಾ ಇನ್ನೂ ಶುರುವಾಗಿಲ್ಲ ಎಂದಿತ್ತು. ಒಂದೇ ಸಾಲು. ಐದು ದಿನ ನಾನು ಆ ಸಾಲಿನ ಮೊದಲರ್ಧವನ್ನೇ ಓದಿದ್ದೆ. ಅವರೆಯನ್ನು ಇವತ್ತು ಯಾವ ದಿನ ಎಂದು ಕೇಳಿದೆ. ಅದು ನಾನು ಹೈಸ್ಕೂಲಿನಲ್ಲಿದ್ದ ಕಾಲದ ಒಂದು ತಾರೀಖು ಹೇಳಿತು. ರಾಗಿಯನ್ನು ಕೇಳಿದೆ, ಅದು ಇನ್ನೂ ಹಿಂದಿನದು. ಹುರುಳಿ ಒಂದೇ ಸರಿಯಾದ ದಿನ ಹೇಳಿದ್ದು.

ಕಂಪ್ಯೂಟರ್ ಪೂರ್ತಿ ಆಫ್ ಆದಾಗಲೂ ಒಳಗಿನ ಗಡಿಯಾರ ನಡೆಯಲು ಗುಂಡಿಯಂಥ ಒಂದು ಸೆಲ್ ಇರುತ್ತದೆ. ರಾಗಿ ಮತ್ತು ಅವರೆಯ ಸೆಲ್ ಎಂದೋ ಸತ್ತಿದ್ದವು. ಯಜಮಾನರು ಮೇನ್ ಎಳೆದ ಕೂಡಲೇ ಅವುಗಳ ಕ್ಯಾಲೆಂಡರ್ ಹಿಂದಕ್ಕೆ ಓಡುತ್ತಿತ್ತು. ನಿನ್ನೆ ಬರೆದುಕೊಟ್ಟ ಪಾಸು ಅವುಗಳ ಕಣ್ಣಿಗೆ ಎಷ್ಟೋ ವರ್ಷ ಮುಂದಿನದು. ನಾನು ಪ್ರತಿದಿನ ಕಟ್ಟುವಾಗ ಕೇಬಲ್ ಸಿಕ್ಕಿಸುತ್ತಿದ್ದೆನಲ್ಲ, ಇಂಟರ್‌ನೆಟ್ಟಿನಿಂದ ಅವು ಸರಿಯಾದ ಸಮಯ ಕೇಳಿಕೊಳ್ಳುತ್ತಿದ್ದವು. ಅದಕ್ಕೇ ಸಂಜೆವರೆಗೆ ಎಲ್ಲ ಸುಸೂತ್ರ.

ನಾಚಿಕೆಯ ವಿಷಯ ಒಂದು ಉಂಟು, ಅದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಆ ಎರಡು ಯಂತ್ರಗಳು ಪ್ರತಿ ಬೆಳಿಗ್ಗೆಯೂ ಏಳುವಾಗ ಕಪ್ಪು ಪರದೆಯಲ್ಲಿ ಏನೋ ಬರೆದು, ಎಫ್ ಒನ್ ಕೀ ಒತ್ತು ಎಂದು ಕೇಳುತ್ತಿದ್ದವು. ಹಳೇ ಮಿಷಿನ್ನು ಹಾಗೇ ಕೇಳೋದು, ಒತ್ತಿಬಿಡು ಎಂದು ಪಕ್ಕದ ಟೇಬಲ್ಲಿನವರು ಮೊದಲ ದಿನವೇ ಹೇಳಿದ್ದರು. ಒತ್ತಿಬಿಡುತ್ತಿದ್ದೆ. ಅಲ್ಲಿ ಬರೆದಿದ್ದದ್ದು, ನನಗೆ ಇವತ್ತು ಯಾವ ದಿನ ಎಂದು ಗೊತ್ತಿಲ್ಲ ಎಂದೇ.

ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ವಾಚ್ ರಿಪೇರಿಯವರೊಬ್ಬರಿದ್ದಾರೆ, ವಾಚ್ ಫ್ಯಾಕ್ಟರಿಯಿಂದ ರಿಟೈರ್ ಆದವರು. ಅವರ ಹತ್ತಿರ ಮೂರು ಸೆಲ್ ತಂದೆ. ಒಂದೊಂದನ್ನೂ ಮೀಟರಿಗೆ ಹಿಡಿದು ನೋಡಿ ಕೊಟ್ಟು, ಕಂಪ್ಯೂಟರಿಗೂ ಟೈಮ್ ನೋಡಲು ನಮ್ಮ ಹತ್ತಿರವೇ ಬರಬೇಕು ಎಂದು ಹೆಮ್ಮೆಪಟ್ಟರು. ಸೆಲ್ ಹಾಕಿ, ದಿನ ಸಮಯ ಸರಿಪಡಿಸಿ, ನಾನೇ ಕೆಳಗೆ ಹೋಗಿ ಕೆಲಸಗಾರನನ್ನು ಕೇಳಿಕೊಂಡು ಐದು ನಿಮಿಷ ಮೇನ್ ಎಳೆಸಿದೆ. ಮತ್ತೆ ಹಾಕಿದಾಗ ಮೂರೂ ಎದ್ದವು. ಮೂರರ ಪಕ್ಕದಲ್ಲೂ 'ರೆಡಿ'. ಕೇಬಲ್ ಇಲ್ಲದೆ, ನನ್ನ ಕೈ ತಾಗದೆ. ಕೆಳಗೆ ಹೋಗಿ ಆ ರೈತನಿಗೆ ಒಂದು ಟೀ ಕೊಡಿಸಬೇಕೆಂದು ನೋಡಿದೆ, ಹೊರಟುಹೋಗಿದ್ದ.

ಆದರೆ ಯಂತ್ರಗಳು ಎದ್ದರೂ ನಮ್ಮ ಅಪ್ಲಿಕೇಶನ್ ನೆಟ್ಟಗೆ ಏಳಲಿಲ್ಲ. ಅಳತೆಗಳನ್ನೆಲ್ಲ ಕೂಡಿಡುವ ಡಬ್ಬಿ, ಡೇಟಾಬೇಸ್, ಕಣ್ಣು ಬಿಡುವ ಮೊದಲೇ ಉಳಿದ ಡಬ್ಬಿಗಳು ಎದ್ದು, ಅದು ಕಾಣದೆ ಬಿದ್ದು, ಮತ್ತೆ ಎದ್ದು ಬೀಳುತ್ತಿದ್ದವು. ಒಮ್ಮೆ ಡೇಟಾಬೇಸ್ ಹುರುಳಿಯನ್ನು ಬಿಟ್ಟು ಅವರೆಯ ಮೇಲೆ ಎದ್ದಿತು; ಅಲ್ಲಿ ಅದರ ಫೈಲುಗಳೇ ಇಲ್ಲ, ಖಾಲಿ ಮನೆ. ಉಳಿದದ್ದು ಒಂದೇ ವಾರ. ಮಧ್ಯಾಹ್ನ ವಾಪಸಾದ ಯಜಮಾನರು ಮೊದಲು ಕ್ಯಾಲೆಂಡರಿನ ಹಾಳೆ ಕಿತ್ತರು. ಸಂಜೆ ಕೆಳಗಿನಿಂದ, ಇವತ್ತಿನಿಂದ ಮೇನ್ ಎಳೆಯಲ್ಲ, ಹಾಗೇ ಬಿಟ್ಟು ಹೋಗುತ್ತೇನೆ ಎಂದು ಕೂಗಿದರು.

ಆಸೆಯಾಯಿತು. ಮೇನ್ ಹಾಗೇ ಬಿಟ್ಟರೆ ಒಂದು ವಾರ ಎಲ್ಲ ಓಡುತ್ತದೆ. ಫ್ಯಾಕ್ಟರಿಗೆ ಒಯ್ದು ಒಂದು ಸಲ ನಿಧಾನವಾಗಿ ಎಬ್ಬಿಸಿ ತೋರಿಸಿದರೆ ಮ್ಯಾನೇಜರ್ ತಲೆಯಾಡಿಸುತ್ತಾರೆ, ಸರ್ಟಿಫಿಕೇಟು ಕೈಗೆ ಬರುತ್ತದೆ. ಆದರೆ ಹಿಂದಿನ ದಿನ ಊಟಕ್ಕೆ ಕೂತಾಗ ಚಿಕ್ಕಪ್ಪ ಮಾತಿನ ನಡುವೆ ಒಂದು ವಿಷಯ ಹೇಳಿದ್ದರು. ಅವರ ಫ್ಯಾಕ್ಟರಿಯಲ್ಲೂ ತಿಂಗಳಿಗೊಂದು ದಿನ ಮೆಂಟೆನೆನ್ಸಿಗೆ ಲೈನ್ ಕಟ್ ಮಾಡುತ್ತಾರೆ. ಜನರೇಟರ್ ಕುಲುಮೆಗೆ ಮಾತ್ರ. ಕಂಪ್ಯೂಟರ್ ರೂಮಿಗೆ ಇಲ್ಲ. ಅಂದರೆ ನಮ್ಮ ಅಪ್ಲಿಕೇಶನ್ ಅಲ್ಲಿ ತಿಂಗಳಿಗೊಮ್ಮೆ ಸಾಯುತ್ತದೆ. ಎದ್ದೇಳಲು ಬಾರದಿದ್ದರೆ ಮೊದಲ ತಿಂಗಳೇ ನಮ್ಮ ಬಣ್ಣ ಬಯಲು. ಆ ತಪಾಸಣೆಯ ಹೆಂಗಸರು ಮತ್ತೆ ನೋಟ್‌ಬುಕ್ಕಿಗೆ ಹೋಗುತ್ತಾರೆ.

ಮೆಟ್ಟಿಲ ಮೇಲಿನಿಂದ ಬಗ್ಗಿ, "ಬ್ಯಾಡ ಯಜಮಾನ್ರೇ, ದಿನಾ ಎಳೀತಿದ್ದಂಗೇ ಎಳೀರಿ" ಅಂದೆ.

ಬಾಸ್ ಬಾಗಿಲಿಗೆ ಬಂದು ನನ್ನನ್ನು ನೋಡಿದರು. ಯಜಮಾನರ ಮುಖ ಮಾತ್ರ ಎರಡು ದಿನದ ಮದುವೆ ಊಟಕ್ಕಿಂತ ಹೆಚ್ಚು ತೃಪ್ತಿಯಿಂದ ಅರಳಿತು. ಎಳೆದು, ಕಣ್ಣಿಗೊತ್ತಿಕೊಂಡು ಹೋದರು.

ಆ ಒಂದು ವಾರ ನನ್ನ ಜೀವನದಲ್ಲಿ ಅತಿ ಖುಷಿಯ ವಾರ. ಪ್ರತಿ ಬೆಳಿಗ್ಗೆ ಒಂದು ಪರೀಕ್ಷೆ, ಪ್ರತಿ ಬೆಳಿಗ್ಗೆ ಒಂದು ತಪ್ಪು ಕಮ್ಮಿ. ಡೇಟಾಬೇಸ್ ಹುರುಳಿಯ ಮೇಲೆ ಬಿಟ್ಟು ಬೇರೆಲ್ಲೂ ಏಳಬಾರದೆಂದು ಮೇಸ್ತ್ರಿಗೆ ಕಟ್ಟಪ್ಪಣೆ ಬರೆದೆ, ತಾಸಿಗೊಮ್ಮೆ ಅದರ ಪ್ರತಿ ಅವರೆಗೆ ಹೋಗುವಂತೆ ಮಾಡಿದೆ. ಉಳಿದ ಡಬ್ಬಿಗಳಿಗೆ, ಡೇಟಾಬೇಸ್ ಉತ್ತರ ಕೊಡುವ ತನಕ ಬಾಗಿಲಲ್ಲೇ ಕಾಯಲು ಕಲಿಸಿದೆ. ಫ್ಯಾಕ್ಟರಿಯ ಲೈನಿನಲ್ಲಿ ಮೊದಲ ಪೀಸು ಓಕೆ ಆಗದೆ ಎರಡನೆಯದು ಹೊಯ್ಯುವಂತಿಲ್ಲವಂತೆ. ನಮ್ಮ ಡಬ್ಬಿಗಳಿಗೂ ಅದೇ ಶಿಸ್ತು, ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ಮೇಲೆಯೇ ಜನರ ಎದುರಿಗೆ. ಸಮಯ ಕಾಯುವ ಕೆಲಸ ರಾಗಿಗೆ ಕೊಟ್ಟೆ, ಉಳಿದೆರಡು ಅದನ್ನು ಕೇಳಿಯೇ ಮುಂದಡಿಯಿಡಬೇಕು. ರಾಗಿ ಪ್ರತಿ ನಿಮಿಷ ತನ್ನ ಸಮಯವನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ. ಎದ್ದಾಗ ಗಡಿಯಾರ ಅದಕ್ಕಿಂತ ಹಿಂದಿದ್ದರೆ ಏಳದೆ ನಿಂತು, ದಿನಾಂಕ ನೋಡಿ ಎಂದು ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ. ಎಫ್ ಒನ್ ಒತ್ತಿ ದಾಟುವಂತಿಲ್ಲ.

ಐದು ಜನರೂ ತಮ್ಮ ಲ್ಯಾಪ್‌ಟಾಪಿನಿಂದ ಆ ಕ್ಲಸ್ಟರಿಗೇ ಕೆಲಸ ಕಳಿಸತೊಡಗಿದರು. ಫ್ಯಾಕ್ಟರಿಯಲ್ಲಿ ಎರಡು ಸಲ ಮುಗ್ಗರಿಸಿದ ತಪ್ಪುಗಳು ಇಲ್ಲಿಯೂ ಮುಗ್ಗರಿಸಿದವು. ನಮ್ಮ ಕಣ್ಣೆದುರೇ ಬಿದ್ದದ್ದರಿಂದ ತಿದ್ದಲು ಸಿಕ್ಕವು. ಕೊನೆಯ ಮೂರು ಬೆಳಿಗ್ಗೆ ನಾನು ಬರುವುದಕ್ಕೂ ಮೊದಲೇ ಯಜಮಾನರು ಮೇಲೆ ಹತ್ತಿ ಪರದೆ ನೋಡಿ, ಮೂರೂ ಎದ್ದಿವೆ ಎಂದು ಬೀದಿಯಲ್ಲೇ ನನಗೆ ವರದಿ ಕೊಟ್ಟರು.

ಮೂರು ವಾರ ತುಂಬಿದ ದಿನ ಯಂತ್ರಗಳನ್ನು ಆಟೋದಲ್ಲಿ ಹಾಕಿಕೊಂಡು ಫ್ಯಾಕ್ಟರಿಗೆ ಹೋದೆವು. ಕಂಪ್ಯೂಟರ್ ರೂಮಿನ ಮೂಲೆಯಲ್ಲಿ ಮೇಜು ಹಾಕಿ, ಕರೆಂಟಿನ ವೈರು ಹಾಕಿಕೊಡಲು ಬಂದವರು ಚಿಕ್ಕಪ್ಪ. ಡ್ಯೂಟಿಯಲ್ಲಿದ್ದರು, ನನ್ನನ್ನು ಪರಿಚಯವಿಲ್ಲದವರಂತೆ ನೋಡಿದರು. ಎಲ್ಲ ಎದ್ದಿತು. ತಪಾಸಣೆಯ ಅಕ್ಕ ಒಬ್ಬರು ಟ್ಯಾಬ್ಲೆಟ್ ಹಿಡಿದು ಹತ್ತು ಭಾಗಗಳ ಅಳತೆ ಒತ್ತಿದರು. ಮ್ಯಾನೇಜರ್ ಒಂದು ಡಬ್ಬಿ ಅಳಿಸಿ ನೋಡಿದರು, ಎದ್ದಿತು. ಅವರೆಯ ನೆಟ್‌ವರ್ಕ್ ಕಿತ್ತು ನೋಡಿದರು, ಅದರ ಕೆಲಸವನ್ನು ಉಳಿದೆರಡು ಎತ್ತಿಕೊಂಡವು. ಸರಿ, ಸಾಕು ಎಂದು ಎದ್ದರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಬಾಸ್ ಆಗಲೇ ಬ್ಯಾಗ್ ಎತ್ತಿಕೊಂಡಿದ್ದರು. ನಾನೇ, "ಸಾರ್, ಒಂದು ಸಲ ಈ ಮೇಜಿನ ಮೇನ್ ಎಳೆಸಿ" ಅಂದೆ.

ಮ್ಯಾನೇಜರ್ ನಿಂತರು. ಯಾರೂ ಹೀಗೆ ಕೇಳಿದ್ದಿಲ್ಲ ಎಂದರು. ಯಂತ್ರಗಳನ್ನು ಮೊದಲು ಕ್ರಮವಾಗಿ ಆಫ್ ಮಾಡಬೇಕಲ್ಲವಾ ಎಂದು ಕೇಳಿದರು. ಬೇಡ, ಇದ್ದಂತೆಯೇ ಎಳೆಯಲಿ ಅಂದೆ. ಅವರು ಚಿಕ್ಕಪ್ಪನ ಕಡೆ ಕೈ ಮಾಡಿದರು. ಚಿಕ್ಕಪ್ಪ ಬ್ರೇಕರಿನ ಮೇಲೆ ಕೈಯಿಟ್ಟು, ಮ್ಯಾನೇಜರ್‌ ಕಡೆ ನೋಡದೆ ನನ್ನ ಕಡೆ ನೋಡಿದರು.

"ಎಳೀಲಾ?"

"ಎಳೀರಿ."

ಫ್ಯಾನುಗಳ ಸದ್ದು ಒಮ್ಮೆಗೇ ನಿಂತಿತು. ಐದು ನಿಮಿಷ. ಮತ್ತೆ ಹಾಕಿದರು. ಮೊದಲು ರಾಗಿ ಎದ್ದಿತು, ತನ್ನ ದಿನ ನೋಡಿಕೊಂಡಿತು. ಆಮೇಲೆ ಅವರೆ, ಹುರುಳಿ. ಮೂರನೆಯ ನಿಮಿಷದಲ್ಲಿ ಅಪ್ಲಿಕೇಶನ್ ಇನ್ನೂ ಬಾಗಿಲಲ್ಲೇ ಕಾಯುತ್ತಿತ್ತು. ಡೇಟಾಬೇಸ್ ತನ್ನ ಫೈಲುಗಳನ್ನು ತಾಳೆ ನೋಡುತ್ತಿತ್ತು. ನನಗೆ ಗೊತ್ತಿತ್ತು, ರೂಮಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಪ್ಪ ಬ್ರೇಕರಿನಿಂದ ಕೈ ತೆಗೆದಿರಲಿಲ್ಲ. ನಾಲ್ಕು ನಿಮಿಷ ಚಿಲ್ಲರೆಗೆ ತಪಾಸಣೆಯ ಅಕ್ಕನ ಕೈಯಲ್ಲಿದ್ದ ಟ್ಯಾಬ್ಲೆಟ್ ಬೆಳಗಿತು. ಅವರು ಎಣಿಸಿ, ಹತ್ತೂ ಇದೆ, ನಾನು ಹನ್ನೊಂದನೆಯದು ಅರ್ಧ ಒತ್ತಿದ್ದೆ, ಅದೊಂದು ಇಲ್ಲ ಎಂದರು. ಅರ್ಧ ಒತ್ತಿದ್ದು ಇರಬಾರದು, ಇದ್ದಿದ್ದರೆ ಅದೇ ತಪ್ಪು ಎಂದೆ. ಮ್ಯಾನೇಜರ್ ಸ್ವಲ್ಪ ಹೊತ್ತು ಪರದೆ ನೋಡಿ, ತಮ್ಮ ಸರ್ವರ್‌ಗಳೂ ಹೀಗೆ ಏಳುವಂತೆ ಮಾಡಿಕೊಡಲು ಎಷ್ಟು ದಿನ ಬೇಕು ಎಂದು ನನ್ನನ್ನು ಕೇಳಿದರು. ಬಾಸ್‌ರನ್ನಲ್ಲ, ನನ್ನನ್ನು.

ಸರ್ಟಿಫಿಕೇಟು ಕೊಟ್ಟದ್ದು ಮುಂದಿನ ಶುಕ್ರವಾರ ಸಂಜೆ, ಆರೂವರೆಗೆ ಸ್ವಲ್ಪ ಮೊದಲು, ಕೆಳಗಿನ ಅಂಗಡಿಯಲ್ಲಿ. ಬಾಸ್ ಸಹಿ ಮಾಡಿ ತಂದಿದ್ದರು. ಕೊಡುವ ಹೊತ್ತಿಗೆ, ಇವಳ ಕೆಲಸವನ್ನು ಎಲ್ಲರಿಗಿಂತ ಹೆಚ್ಚು ಸಲ ಪರೀಕ್ಷೆ ಮಾಡಿದವರು ನೀವು ಎಂದು ಯಜಮಾನರ ಕೈಗಿತ್ತರು. ಯಜಮಾನರು ವಾರ್ನಿಷ್ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು, ಕ್ಯಾಲೆಂಡರ್ ಕಡೆ ಒಮ್ಮೆ ನೋಡಿ, ಕಾಗದದ ಮೇಲಿನ ತಾರೀಖಿಗೆ ತಾಳೆ ಹಾಕಿ ನನಗೆ ಕೊಟ್ಟರು. ಮೂಲೆಯಲ್ಲಿ ಒಂದು ಹೆಬ್ಬೆರಳ ಕಲೆ ಈಗಲೂ ಇದೆ.

ಶಿಫ್ಟ್ ಮುಗಿಸಿ ಗಾಡಿಯಲ್ಲಿ ನನ್ನನ್ನು ಕರೆದೊಯ್ಯಲು ಬಂದಿದ್ದ ಚಿಕ್ಕಪ್ಪ ಬೀದಿಯಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಹತ್ತಿರ ಹೋಗಿ ಕೊಟ್ಟೆ. ಅಂಚು ಮಾತ್ರ ಹಿಡಿದರು. ಇಂಗ್ಲಿಷ್ ಓದಲು ಬಾರದು. ಏನು ಬರೆದಿದ್ದಾರೆ ಓದಿ ಹೇಳು ಎಂದರು. ನಾನು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ನನ್ನ ಹೆಸರು, ನಮ್ಮಪ್ಪನ ಹೆಸರು, ಕಂಟೇನರ್ ಕ್ಲಸ್ಟರ್ ಕಟ್ಟಿ ನಡೆಸಿದ್ದಾಳೆ ಎಂಬ ಸಾಲು. ಆ ಸಾಲನ್ನು ಇನ್ನೊಮ್ಮೆ ಓದಿಸಿದರು. ಕಾಗದ ವಾಪಸು ಕೊಟ್ಟು, ಗಾಡಿ ಸ್ಟಾರ್ಟ್ ಮಾಡದೆ ಹಾಗೇ ನಿಂತರು.

"ಇಪ್ಪತ್ತು ವರ್ಷದಿಂದ ಬ್ರೇಕರ್ ಎಳೀತಿವ್ನಿ. ಅವತ್ತೊಂದೇ ದಿನ ಕಣಮ್ಮ ವಾಪಸ್ ಹಾಕಿದ್ಮೇಲೂ ಕೈ ತೆಗೀದೆ ನಿಂತಿದ್ದು. ಮುಂದಿನ್ ತಿಂಗ್ಳು ಲೈನ್ ಕಟ್ ಇರೋ ದಿನ ನೀನೇ ಬಾ. ಆ ಏಸಿ ರೂಮಿನ ಬ್ರೇಕರ್ ನೀನೇ ಎಳಿ."